ಹಲಸೂರಿನ ಐವತ್ತು ಆರೋಗ್ಯವಂತರು

ಆ ವರ್ಷ ನನ್ನ ಕೆಲಸ ಆರೋಗ್ಯವಂತರನ್ನು ಹುಡುಕಿ ತರುವುದಾಗಿತ್ತು.

ರೋಗಿಗಳನ್ನು ಹುಡುಕಬೇಕಾಗಿರಲಿಲ್ಲ. ಶಿವಾಜಿನಗರ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಆಸ್ಪತ್ರೆಯೊಂದರ ಕೀಲುರೋಗ ವಿಭಾಗದ ಬೆಂಚುಗಳ ಮೇಲೆ ಅವರು ಬೆಳಿಗ್ಗೆ ಎಂಟಕ್ಕೇ ಬಂದು ಕುಳಿತಿರುತ್ತಿದ್ದರು. ಹೆಚ್ಚಿನವರು ಹೆಂಗಸರು. ಅವರಿಗಿದ್ದದ್ದು ರುಮಟಾಯ್ಡ್ ಸಂಧಿವಾತ. ರೋಗಾಣುಗಳ ಮೇಲೆ ಬೀಳಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಗುರಿ ತಪ್ಪಿ ತನ್ನದೇ ಕೀಲುಗಳ ಮೇಲೆ ಬಿದ್ದು, ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಊದಿಸಿ ಸೊಟ್ಟಗಾಗಿಸುವ ಕಾಯಿಲೆ ಅದು.

ಅವರನ್ನು ನೋಡುತ್ತಿದ್ದ ಡಾಕ್ಟರಿಗೆ ಒಂದು ಪ್ರಶ್ನೆ ಬಹಳ ದಿನಗಳಿಂದ ಅಂಟಿಕೊಂಡಿತ್ತು. ಬಿಸಿಲು ತಾಗಿದ ಚರ್ಮದಲ್ಲಿ ತಯಾರಾಗುವ ವಿಟಮಿನ್ ಡಿ ಮೂಳೆಗಷ್ಟೇ ಅಲ್ಲ, ಈ ರಕ್ಷಣಾ ವ್ಯವಸ್ಥೆಯನ್ನು ಹದ್ದುಬಸ್ತಿನಲ್ಲಿಡಲೂ ಬೇಕು. ಆದರೆ ಅದು ಕೆಲಸ ಮಾಡಬೇಕಾದರೆ, ಬೀಗದೊಳಗೆ ಕೀಲಿ ಕೂರುವ ಹಾಗೆ, ಜೀವಕೋಶದ ಒಂದು ಗ್ರಾಹಕದಲ್ಲಿ ಹೋಗಿ ಕೂರಬೇಕು. ಆ ಗ್ರಾಹಕವನ್ನು ತಯಾರಿಸುವ ಜೀನಿನ ಒಂದು ಜಾಗದಲ್ಲಿ ಎಲ್ಲರಿಗೂ ಒಂದೇ ಅಕ್ಷರ ಇರುವುದಿಲ್ಲ. ಈ ವ್ಯತ್ಯಾಸಕ್ಕೂ ಕಾಯಿಲೆಯ ಅಪಾಯಕ್ಕೂ ಸಂಬಂಧ ಇದೆಯೇ ಎನ್ನುವುದು ಅವರ ಪ್ರಶ್ನೆ. ರೋಗಿಗಳ ರಕ್ತದಲ್ಲೂ, ಅದೇ ವಯಸ್ಸಿನ ಆರೋಗ್ಯವಂತರ ರಕ್ತದಲ್ಲೂ ಆ ಅಕ್ಷರವನ್ನು ಓದಿ ಹೋಲಿಸಬೇಕು.

ಓದುವ ಕೆಲಸ ನನಗೆ ಬರುತ್ತಿತ್ತು. ನಮ್ಮ ಲ್ಯಾಬು ಇಂದಿರಾನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿತ್ತು. ಸಿ.ಎಂ.ಎಚ್. ರಸ್ತೆಯಲ್ಲಿ ಮೆಟ್ರೋಗೆಂದು ಅಗೆಯುವುದು ಶುರುವಾಗಿದ್ದ ಕಾಲ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ರಕ್ತದಿಂದ ಡಿ.ಎನ್.ಎ. ಬೇರ್ಪಡಿಸಿ, ಬೇಕಾದ ತುಣುಕನ್ನು ಮಾತ್ರ ಯಂತ್ರದಲ್ಲಿ ಲಕ್ಷಗಟ್ಟಲೆ ನಕಲು ಮಾಡಿ, ಅದಕ್ಕೆ ಕತ್ತರಿಯಂಥ ಒಂದು ಕಿಣ್ವವನ್ನು ಸೇರಿಸಬೇಕು. ಆ ಕಿಣ್ವ ಒಂದು ಅಕ್ಷರ ಇದ್ದರೆ ಕತ್ತರಿಸುತ್ತದೆ, ಇನ್ನೊಂದಿದ್ದರೆ ಸುಮ್ಮನಿರುತ್ತದೆ. ಆಮೇಲೆ ಅದನ್ನು ಜೆಲ್ ಎಂಬ ಜೆಲ್ಲಿಯಂಥ ಬಿಲ್ಲೆಯೊಂದರಲ್ಲಿ ಕರೆಂಟು ಕೊಟ್ಟು ಓಡಿಸಿ, ನೇರಳಾತೀತ ದೀಪದ ಮೇಲಿಟ್ಟರೆ ಕಿತ್ತಳೆ ಬಣ್ಣದ ಗೆರೆಗಳು ಕಾಣುತ್ತವೆ. ಕತ್ತರಿಸದಿದ್ದರೆ ಒಂದು ಗೆರೆ. ಕತ್ತರಿಸಿದ್ದರೆ ಎರಡು. ಅಪ್ಪನಿಂದ ಒಂದು ಥರ, ಅಮ್ಮನಿಂದ ಇನ್ನೊಂದು ಥರ ಬಂದಿದ್ದರೆ ಮೂರು. ನಮ್ಮ ರೋಗಿಗಳಲ್ಲಿ ಒಂದು ಗೆರೆಯವರೂ ಮೂರು ಗೆರೆಯವರೂ ಹೆಚ್ಚು, ಎರಡು ಗೆರೆಯವರು ಅಪರೂಪ.

ನನಗೆ ಬಾರದೇ ಇದ್ದದ್ದು ಆರೋಗ್ಯವಂತರನ್ನು ಒಪ್ಪಿಸುವ ಕೆಲಸ. ರೋಗಿಗಳ ಜೊತೆ ಬಂದವರನ್ನು ಮೊದಲು ಕೇಳಿ ನೋಡಿದೆ. ನೀವು ಆರೋಗ್ಯವಾಗಿದ್ದೀರಾ ಎಂದು ಆಸ್ಪತ್ರೆಯೊಳಗೆ ಯಾರನ್ನಾದರೂ ಕೇಳಿದರೆ ಅವರಿಗೆ ಅದು ಸಾಂತ್ವನದ ಮಾತಿನ ಹಾಗೆ ಕೇಳಿಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಒಬ್ಬರು ಗ್ಯಾಸಿನಿಂದ ಶುರುಮಾಡಿ ಬೆನ್ನಿಗೆ ಬಂದು, ಮೈದುನನ ನಡತೆಯಲ್ಲಿ ಮುಗಿಸಿದರು. ಇನ್ನೊಬ್ಬರು ನಾನು ಆರೋಗ್ಯವಾಗಿದ್ದೀನಿ ಎಂದು ಹೇಳಿಕೊಂಡರೆ ದೃಷ್ಟಿಯಾಗುತ್ತದೆ ಎಂದು ಸಹಿ ಹಾಕಲು ಒಪ್ಪಲಿಲ್ಲ.

ಒಪ್ಪಿದವರಿಗೆ ಬಿಸಿಲಿನ ಪ್ರಶ್ನಾವಳಿ ಕಾದಿರುತ್ತಿತ್ತು. ದಿನಕ್ಕೆ ಎಷ್ಟು ಹೊತ್ತು ಬಿಸಿಲಿನಲ್ಲಿರುತ್ತೀರಿ, ಆಗ ಮುಖ, ಕೈ, ಕಾಲುಗಳಲ್ಲಿ ಯಾವುದು ತೆರೆದಿರುತ್ತದೆ ಎಂದು ಬರೆದುಕೊಳ್ಳಬೇಕು. ಒಬ್ಬ ಆಟೋ ಚಾಲಕರು ಬಹಳ ಯೋಚಿಸಿ ಕೇಳಿದರು.

"ಯಾವ ಕೈ ಮೇಡಂ? ಬಲಗೈಗೆ ಹೆಣ್ಣೂರಿಗೆ ಹೋಗ್ತಾ ಬಿಸಿಲು ಬೀಳತ್ತೆ, ಎಡಗೈಗೆ ಬರ್ತಾ ಬೀಳತ್ತೆ. ಬಾಡಿಗೆ ವಾಪಸ್ ಸಿಗ್ಲಿಲ್ಲ ಅಂದ್ರೆ ಎಡಗೈಗೆ ಅವತ್ತು ಏನೂ ಇಲ್ಲ."

ಫಾರಂನಲ್ಲಿ ಕೈಗೆ ಒಂದೇ ಚೌಕ ಇತ್ತು. 'ಕೈ' ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಎರಡು ತಿಂಗಳಲ್ಲಿ ನನಗೆ ಸಿಕ್ಕಿದ್ದು ಏಳು ಮಂದಿ. ಡಾಕ್ಟರು ಪ್ರತಿ ಸೋಮವಾರ "ಎಷ್ಟಾಯ್ತು?" ಎಂದು ಕೇಳುತ್ತಿದ್ದರು. ನಾನು ಏಳು ಎಂದು ಹೇಳುವ ಬಗೆಗಳನ್ನು ಬದಲಾಯಿಸುತ್ತಿದ್ದೆ.

ಆಗ ಮುಂದೆ ಬಂದವರು ನಮ್ಮ ಸಿಸ್ಟರ್. ರೋಗಿಗಳ ರಕ್ತ ತೆಗೆಯುತ್ತಿದ್ದವರು ಅವರೇ. ಐವತ್ತು ದಾಟಿದ ಹಲಸೂರಿನ ಹೆಂಗಸು, ಮನೆಯಲ್ಲಿ ತಮಿಳು, ಹೊರಗೆ ಅದೇ ರಾಗದ ಕನ್ನಡ. ಅವರು ಸೂಜಿ ಚುಚ್ಚಿದ್ದು ಗೊತ್ತಾಗುವ ಮೊದಲೇ ಹತ್ತಿ ಒತ್ತಿ ಆಗಿರುತ್ತಿತ್ತು.

"ಇದಕ್ಕೋಗಿ ಇಷ್ಟು ಬೇಜಾರು ಮಾಡ್ಕೊಂಡಿದ್ದೀಯಾ?" ಎಂದರು. "ಫಾರಂ ಎಲ್ಲಾ ನನ್ಹತ್ರ ಕೊಡಮ್ಮಾ. ಎಷ್ಟು ಜನ ಬೇಕು?"

"ಐವತ್ತು, ಸಿಸ್ಟರ್."

"ಹತ್ತು ದಿನ."

ಹತ್ತು ದಿನಕ್ಕೆ ಸರಿಯಾಗಿ ಐವತ್ತು ನೇರಳೆ ಮುಚ್ಚಳದ ಟ್ಯೂಬುಗಳು, ಐವತ್ತು ಫಾರಂಗಳು ಬಂದವು. ಒಂದರಲ್ಲೂ ತಿದ್ದು ಇರಲಿಲ್ಲ. ಬೆಳಿಗ್ಗೆ ಕೀಲು ಬಿಗಿದುಕೊಳ್ಳುತ್ತದೆಯೇ: ಇಲ್ಲ. ಊತ: ಇಲ್ಲ. ಮನೆಯಲ್ಲಿ ಯಾರಿಗಾದರೂ: ಇಲ್ಲ. ಬಿಸಿಲು: ಎಲ್ಲರಿಗೂ ಎರಡು ಗಂಟೆ. ನಾನು ಹೆಸರುಗಳ ಮೇಲೆ ಕಣ್ಣಾಡಿಸಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಇನಿಷಿಯಲ್. ವಿಳಾಸಗಳಲ್ಲಿ ಹಲಸೂರು, ಜೋಗುಪಾಳ್ಯ, ಕೆ.ಆರ್. ಪುರ ಎಲ್ಲ ಇದ್ದವು. ಆಮೇಲೆ ಫಾರಂಗಳು ಡಾಕ್ಟರ ಬೀರುವಿಗೆ ಹೋದವು. ನನ್ನ ಮುಂದೆ ಉಳಿದದ್ದು ಟ್ಯೂಬಿನ ಮೇಲಿನ ನಂಬರು ಮಾತ್ರ. ನಿಯಮ ಇದ್ದದ್ದೇ ಹಾಗೆ.

ಮೊದಲ ಜೆಲ್ ದೀಪದ ಮೇಲಿಟ್ಟ ದಿನ ನಾನು ಕನ್ನಡಕ ಒರೆಸಿಕೊಂಡೆ. ಎರಡು ಗೆರೆ. ಪಕ್ಕದ್ದೂ ಎರಡು. ಅದರ ಪಕ್ಕದ್ದೂ. ರೋಗಿಗಳಲ್ಲಿ ಅಪರೂಪವಾಗಿದ್ದ ಎರಡು ಗೆರೆ ಇಲ್ಲಿ ಸಾಲಾಗಿ ನಿಂತಿತ್ತು, ನಡುವೆ ಅಲ್ಲೊಂದು ಇಲ್ಲೊಂದು ಮೂರು ಗೆರೆ. ಏನೋ ಕಲಬೆರಕೆ ಮಾಡಿಕೊಂಡಿದ್ದೀನಿ ಎಂದುಕೊಂಡು ನೀರು ಬದಲಾಯಿಸಿದೆ. ಕಿಣ್ವದ ಹೊಸ ಬಾಟಲಿ ತೆರೆದೆ. ರಕ್ತದ ಬದಲು ಬರೀ ನೀರು ಹಾಕಿ ಓಡಿಸಿದೆ. ಅದರಲ್ಲಿ ಯಾವ ಗೆರೆಯೂ ಬರಲಿಲ್ಲ. ರೋಗಿಗಳ ಹಳೆಯ ಸ್ಯಾಂಪಲ್ಲುಗಳನ್ನು ಅದೇ ಜೆಲ್ಲಿನಲ್ಲಿ ಪಕ್ಕಪಕ್ಕ ಓಡಿಸಿದೆ. ಅವು ಮೊದಲಿನ ಹಾಗೇ ಬಂದವು. ಮೂರು ವಾರ ತಪ್ಪು ಹುಡುಕಿದೆ. ತಪ್ಪು ಸಿಗಲಿಲ್ಲ.

ಡಾಕ್ಟರು ಫೋಟೋಗಳನ್ನು ಕಿಟಕಿಗೆ ಹಿಡಿದು ನೋಡಿದರು. ಆಮೇಲೆ ಹೋಗಿ ಬಾಗಿಲು ಹಾಕಿಕೊಂಡರು.

"ಇದನ್ನ ಯಾರಿಗೂ ಹೇಳಬೇಡಿ," ಎಂದರು ತಗ್ಗಿದ ದನಿಯಲ್ಲಿ. ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು. "ಎರಡು ಗೆರೆ ಇದ್ದವರಿಗೆ ಕಾಯಿಲೆ ಬರಲ್ಲ. ಅದು ಕಾಪಾಡ್ತಾ ಇದೆ."

ಅವರು ಮೃದು ಸ್ವಭಾವದ, ಯಾವುದಕ್ಕೂ ಅವಸರ ಮಾಡದ ಮನುಷ್ಯ. ಆ ವಾರ ಮಾತ್ರ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದರು. ಹೈದರಾಬಾದಿನ ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸಿದರು. ಭಾಷಣಕ್ಕೆ ಅವಕಾಶ ಸಿಕ್ಕಿತು. ನನ್ನ ಕೆಲಸದ ಅವಧಿ ಮಾರ್ಚಿಗೆ ಮುಗಿಯುತ್ತಿತ್ತು. ಈ ಫಲಿತಾಂಶ ಹೊರಬಂದರೆ ನಿಮ್ಮ ಪಿಎಚ್.ಡಿ. ನನ್ನ ಹತ್ತಿರವೇ ಎಂದಿದ್ದರು. ರಾಮಮೂರ್ತಿ ನಗರದ ನನ್ನ ಬಾಡಿಗೆ ಕೋಣೆಯಿಂದ ಕೊಪ್ಪಳಕ್ಕೆ ಫೋನು ಮಾಡಿ, ಏನೆಂದು ಹೇಳದೆ, ಏನೋ ಆಗಲಿದೆ ಎಂದಷ್ಟೇ ಅವ್ವನಿಗೆ ಹೇಳಿದೆ. ಅವ್ವ ಮದುವೆ ವಿಷಯ ಇರಬೇಕೆಂದು ಎರಡು ದಿನ ಕಾದಳು.

ರಕ್ತ ಕೊಟ್ಟವರಿಗೆಲ್ಲ ಅವರ ವಿಟಮಿನ್ ಡಿ ವರದಿ ಕೊಡುತ್ತೇವೆಂದು ನಾವು ಬರೆದುಕೊಟ್ಟಿದ್ದೆವು. ಡಾಕ್ಟರು ಬೀರುವಿನ ಫಾರಂ ನೋಡಿ ಹೆಸರು, ವಿಳಾಸ ಬರೆದು ಐವತ್ತು ಲಕೋಟೆಗಳನ್ನು ಸಿದ್ಧಮಾಡಿದರು. ಸಿಸ್ಟರ್ ಶನಿವಾರ, ಭಾನುವಾರ ರಜೆ ಹಾಕಿದ್ದರು. ಭಾನುವಾರವಾದರೆ ಜನ ಮನೆಯಲ್ಲಿ ಸಿಗುತ್ತಾರೆಂದು ನಾನೇ ಲಕೋಟೆಗಳ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ಹಲಸೂರು ಕೆರೆಯ ಹಿಂದಿನ ಬೀದಿಯ ಮೊದಲ ಮನೆಗೆ ಬೀಗ. ಪಕ್ಕದವರು "ಎಲ್ಲಾ ಫಂಕ್ಷನ್‌ಗೆ ಹೋಗವ್ರೆ, ಮಾರ್ಕೆಟ್ ಪಕ್ಕದ ಛತ್ರ" ಎಂದರು. ಎರಡನೆಯ ಮನೆಗೂ ಬೀಗ. ಅಲ್ಲೂ ಫಂಕ್ಷನ್. ಜೋಗುಪಾಳ್ಯದ ಮೂರನೆಯ ಮನೆಯಲ್ಲಿ ಕಾಲು ನೋವಿನ ಒಬ್ಬ ಅಜ್ಜ ಮಾತ್ರ ಇದ್ದರು.

"ಕಿವಿ ಚುಚ್ಚೋದಮ್ಮಾ, ನಮ್ಮ ಮೊಮ್ಮಗಳಿಗೆ. ಮಾರ್ಕೆಟ್ ಪಕ್ಕದ ಛತ್ರ. ನೀನೂ ಊಟಕ್ಕೆ ಹೋಗು, ಟೈಮಾಯ್ತು."

ನನಗೆ ಅಲ್ಲೇ ಅರ್ಥವಾಗಬೇಕಿತ್ತು. ಒಳ್ಳೆಯ ಮುಹೂರ್ತ ಇರಬೇಕು, ಊರಿಗೆಲ್ಲ ಫಂಕ್ಷನ್ ಎಂದುಕೊಂಡು ನಡೆದೆ.

ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು. ಒಳಗೆ ವೇದಿಕೆಯ ಮೇಲೆ, ರೇಷ್ಮೆ ಸೀರೆಯಲ್ಲಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಮ್ಮ ಸಿಸ್ಟರ್ ಕುಳಿತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು.

"ಬಂದ್ಯಾ? ರಿಪೋರ್ಟ್ ತಂದಿದ್ದೀಯಾ? ಒಳ್ಳೇದಾಯ್ತು, ಎಲ್ಲಾ ಇಲ್ಲೇ ಇದ್ದಾರೆ."

ಎಲ್ಲರೂ ನಿಜವಾಗಿಯೂ ಅಲ್ಲೇ ಇದ್ದರು. ನಾನು ಚೀಲ ಬಿಚ್ಚುವ ಮೊದಲೇ ಸುತ್ತುವರಿದು ತಮ್ಮ ತಮ್ಮ ಲಕೋಟೆ ಹುಡುಕಿಕೊಂಡರು. ಪರೀಕ್ಷೆಯ ಮಾರ್ಕ್ಸ್ ಬಂದ ಹಾಗಾಯಿತು. "ನಿಂಗೆಷ್ಟು?" "ಹನ್ನೊಂದು." "ಅಯ್ಯೋ, ನಂಗೆ ಒಂಬತ್ತೇ." ಎಲ್ಲರದೂ ಕಡಿಮೆಯೇ ಇತ್ತು. ಇಪ್ಪತ್ತೆರಡು ಬಂದಿದ್ದ ಒಬ್ಬರ ಕೈಯನ್ನು ಜನ ಕುಲುಕುತ್ತಿದ್ದರು. "ಚಿತ್ತಿ, ಮಾಮಾಗೆ ಎಷ್ಟಂತೆ?" "ಅತ್ತೆದು ನೋಡು." ಚಿಕ್ಕಮ್ಮನಿಗೆ ಚಿತ್ತಿ, ದೊಡ್ಡಪ್ಪನಿಗೆ ಪೆರಿಯಪ್ಪ, ಜೊತೆಗೆ ಮಾಮಾ, ಅತ್ತೆ. ಒಂದೊಂದು ಕರೆಗೂ ನಾನು ಮನಸ್ಸಿನಲ್ಲೇ ಪಟ್ಟಿಯಿಂದ ಒಬ್ಬೊಬ್ಬರನ್ನು ಹೊಡೆದುಹಾಕುತ್ತಿದ್ದೆ. ಈ ಅಧ್ಯಯನದಲ್ಲಿ ಹೋಲಿಕೆಗೆ ಬಂದವರು ಪರಸ್ಪರ ರಕ್ತಸಂಬಂಧಿಗಳಾಗಿರಬಾರದು. ಒಬ್ಬ ಮುತ್ತಜ್ಜನ ಅಕ್ಷರವನ್ನೇ ಐವತ್ತು ಸಲ ಓದಿದರೆ ಅದು ಐವತ್ತು ಓದು ಅಲ್ಲ.

"ಸಿಸ್ಟರ್, ಇವರೆಲ್ಲಾ ನಿಮ್ಮ..."

"ನಮ್ಮೋರೇ. ಬೇರೆಯವ್ರು ಕೇಳಿದ ತಕ್ಷಣ ರಕ್ತ ಕೊಡ್ತಾರಾ?"

ಲಕ್ಷಣವಾಗಿ ಮೀಸೆ ತಿದ್ದಿದ್ದ, ಮಿಲಿಟರಿಯಿಂದ ನಿವೃತ್ತರಾದ ಅವರ ಮಾವ ಒಬ್ಬರು ನನ್ನ ಮುಖ ನೋಡಿ ಕುರ್ಚಿ ಹಾಕಿಸಿದರು. ನಾನು ಆಮಂತ್ರಣ ಪತ್ರಿಕೆಯೊಂದರ ಹಿಂಬದಿಯಲ್ಲಿ ವಂಶವೃಕ್ಷ ಬರೆಯಲು ಕುಳಿತೆ. ಯಾರಾದರೂ ಒಂದಷ್ಟು ಮಂದಿ ದೂರದವರು ಸಿಗಬಹುದೆಂಬ ಆಸೆ.

"ನನ್ನ ಹೆಂಡತಿ ನಮ್ಮ ಅಕ್ಕನ ಮಗಳು," ಎಂದು ಅವರು ಬೆರಳಿಟ್ಟು ತೋರಿಸಿದರು. "ಅವಳ ತಮ್ಮನಿಗೆ ನಮ್ಮ ಅಣ್ಣನ ಮಗಳನ್ನ ಕೊಟ್ಟಿದ್ದೀವಿ. ನೀಟಾಗಿ ಬರ್ಕೊಳ್ಳಿ."

"ಹಾಗಾದ್ರೆ ಅವರು ನಿಮಗೆ ಅಳಿಯನಾ, ಭಾವಮೈದನಾ?"

"ಎರಡೂ. ಮೂಡ್ ನೋಡ್ಕೊಂಡು ಕರೀತೀನಿ."

ನಾನು ಎಳೆದ ಗೆರೆಗಳು ಮರದ ಹಾಗೆ ಕೆಳಗಿಳಿಯದೆ ಮೇಲಕ್ಕೆ ಹೋಗಿ, ಅಡ್ಡ ತಿರುಗಿ, ಹೊರಟಲ್ಲಿಗೇ ಬರುತ್ತಿದ್ದವು. ಅರ್ಧ ಗಂಟೆಯಾದ ಮೇಲೆ ಸಂಬಂಧ ಇಲ್ಲದವರು ಇಬ್ಬರೇ ಎಂದು ತೀರ್ಮಾನವಾಯಿತು. ಒಬ್ಬರು ಎದುರು ಮನೆಯ ಟೀಚರ್. ಇನ್ನೊಬ್ಬರು ಗ್ಯಾಸ್ ಸ್ಟವ್ ರಿಪೇರಿಗೆಂದು ಬಂದು ಸಿಸ್ಟರ್ ಕೈಗೆ ಸಿಕ್ಕಿಬಿದ್ದವರು.

ಊಟಕ್ಕೆ ಕೂರಿಸಿದರು. ಪಕ್ಕದಲ್ಲಿ ಕುಳಿತವರನ್ನು ಎಲ್ಲರೂ ಅತ್ತೆ ಎನ್ನುತ್ತಿದ್ದರು; ಸಿಸ್ಟರ್‌ನ ಅಪ್ಪನ ತಂಗಿ, ವಯಸ್ಸಿನಲ್ಲಿ ಅವರಿಗಿಂತ ನಾಲ್ಕೈದು ವರ್ಷಕ್ಕಷ್ಟೇ ದೊಡ್ಡವರು. ಅವರು ನೀರಿನ ಬಾಟಲಿಯನ್ನು ನನ್ನ ಕಡೆ ತಳ್ಳಿದರು.

"ಮುಚ್ಚಳ ತೆಗೆದುಕೊಡು ಕಂದಾ."

ಕೊಟ್ಟೆ. ಅವರು ಬಾಟಲಿಯನ್ನು ಬೆರಳಿನಿಂದ ಹಿಡಿಯಲಿಲ್ಲ. ಎರಡು ಅಂಗೈಗಳ ನಡುವೆ ಒತ್ತಿ ಎತ್ತಿಕೊಂಡರು. ಬೆರಳಿನ ಬುಡದ ಗೆಣ್ಣುಗಳು ಎರಡೂ ಕೈಯಲ್ಲಿ ಒಂದೇ ಥರ ಊದಿದ್ದವು. ಆಸ್ಪತ್ರೆಯ ಬೆಂಚಿನ ಮೇಲೆ ಅಂಥ ಕೈಗಳನ್ನು ನಾನು ದಿನವೂ ನೋಡುತ್ತಿದ್ದೆ.

"ಎಷ್ಟು ದಿನ ಆಯ್ತು ಅಮ್ಮಾ, ಕೈ ಹೀಗಾಗಿ?"

"ನಾಲ್ಕು ತಿಂಗಳು. ಬೆಳಿಗ್ಗೆ ಎದ್ರೆ ಮುಷ್ಟಿ ಮುಚ್ಚಕ್ಕೇ ಆಗಲ್ಲ. ಹತ್ತು ಗಂಟೆ ಆಗ್ಬೇಕು."

"ಫಾರಂನಲ್ಲಿ ಇದನ್ನೇ ಕೇಳಿದ್ವಲ್ಲಾ?"

"ಅವಳು ಎಲ್ಲಾದಕ್ಕೂ ಇಲ್ಲ ಅಂತ ಹೇಳ್ಬೇಕು, ಇಲ್ಲಾಂದ್ರೆ ತಗೊಳ್ಳಲ್ಲ ಅಂದ್ಲು. ಪಾಪ, ಐವತ್ತು ಜನ ಬೇಕು ಅಂತ ಒದ್ದಾಡ್ತಿದ್ಲು. ನಾನೊಬ್ಳು ಯಾಕೆ ಕೆಡಿಸ್ಲಿ?"

ಎಲೆಯ ಮೇಲೆ ಇಟ್ಟ ಜಹಾಂಗೀರನ್ನು ಬಿಟ್ಟು ಎದ್ದೆ.

ರಾಮಮೂರ್ತಿ ನಗರದ ಬಸ್ಸಿನಲ್ಲಿ ಕೂತು ಬರುವಾಗ ಮನಸ್ಸು ಸುಮ್ಮನಿರಲಿಲ್ಲ. ಸಮ್ಮೇಳನಕ್ಕೆ ಹನ್ನೆರಡು ದಿನ ಇತ್ತು. ಅದು ಮುಗಿದ ಮೇಲೆ ಹೇಳಬಹುದು. ಅಥವಾ ಹೇಳದೆಯೂ ಇರಬಹುದು; ಟ್ಯೂಬಿನ ಮೇಲೆ ಇದ್ದದ್ದು ಬರೀ ನಂಬರು, ನನಗೆ ಇದು ಗೊತ್ತಾದದ್ದು ಒಂದು ಊಟದ ಮನೆಯಲ್ಲಿ. ಮಾರ್ಚಿನ ಆಚೆಗೆ ನನಗೆ ಬೇರೆ ಕೆಲಸ ಇರಲಿಲ್ಲ. ಆದರೆ ಅತ್ತೆಯ ಕೈ ವಿಷಯ ಹೇಳಲೇಬೇಕಿತ್ತು. ಅವರ ಕೈ ಎಲ್ಲಿ ನೋಡಿದೆ ಎಂದು ಡಾಕ್ಟರು ಕೇಳೇ ಕೇಳುತ್ತಾರೆ. ಕೆ.ಆರ್. ಪುರದ ಕಡೆಗೆ ತಿರುಗುವ ಹೊತ್ತಿಗೆ, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ದಾರಿ ನನಗೆ ಸಿಗಲಿಲ್ಲ.

ಸೋಮವಾರ ಬೆಳಿಗ್ಗೆ ಆಮಂತ್ರಣ ಪತ್ರಿಕೆಯನ್ನು ತಿರುವಿ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿದರು. ಪೆನ್ಸಿಲ್ ತೆಗೆದುಕೊಂಡು ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಅಂದ್ರೆ ನಾನು ಕಂಡುಹಿಡಿದಿದ್ದು ಒಂದು ಕುಟುಂಬ," ಎಂದರು.

ಪೆನ್ಸಿಲ್ಲನ್ನು ಪತ್ರಿಕೆಯ ಮೇಲೆ ಅಡ್ಡ ಇಟ್ಟರು.

"ಹತ್ತಿರದವರನ್ನೆಲ್ಲಾ ತೆಗೆದ್ರೆ ಎಷ್ಟು ಉಳೀತಾರೆ?"

"ಈ ಐವತ್ತರಲ್ಲಿ ಇಬ್ಬರು ಸರ್. ಟೀಚರ್, ಮತ್ತೆ ಸ್ಟವ್ ರಿಪೇರಿಯವರು."

ಅವರು ನಗಲು ಹೊರಟು ಅರ್ಧದಲ್ಲಿ ನಿಲ್ಲಿಸಿದರು. ಅತ್ತೆಯ ವಿಷಯ ಹೇಳಿದೆ. ಅದನ್ನು ಕೇಳುತ್ತಿದ್ದ ಹಾಗೆ ಅವರ ಕಣ್ಣಿನಲ್ಲಿದ್ದ ಸಮ್ಮೇಳನ ಕರಗಿಹೋಗಿ, ಬೆಂಚಿನ ಮುಂದೆ ನಿಲ್ಲುವ ಹಳೆಯ ಡಾಕ್ಟರು ವಾಪಸ್ ಬಂದರು.

"ನಾಲ್ಕೇ ತಿಂಗಳು ಅಂದ್ರಾ? ಈಗ್ಲೇ ಶುರು ಮಾಡಿದ್ರೆ ಕೈ ಉಳಿಯತ್ತೆ. ನಾಳೆನೇ ಕರ್ಕೊಂಡ್ಬರಕ್ಕೆ ಹೇಳಿ."

ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, ಭಾಷಣ ಹಿಂತೆಗೆದುಕೊಳ್ಳುತ್ತಿದ್ದೇನೆಂದು ಹೈದರಾಬಾದಿಗೆ ಎರಡು ಸಾಲು ಬರೆದರು. ಕಳಿಸುವ ಗುಂಡಿ ಒತ್ತುವ ಮುಂಚೆ ಬೆರಳು ಸ್ವಲ್ಪ ಹೊತ್ತು ನಿಂತಿದ್ದನ್ನು ನೋಡಿಯೂ ನೋಡದ ಹಾಗೆ ನಾನು ಕಿಟಕಿಯ ಧೂಳು ಒರೆಸಿದೆ.

ಸಿಸ್ಟರಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವರಿಗೆ ಬೇಸರವಾದದ್ದು ಸಹಜ.

"ಆರೋಗ್ಯವಂತರು ಬೇಕು ಅಂದ್ರಿ, ತಂದ್ಕೊಟ್ಟೆ. ಸಂಬಂಧ ಇರ್ಬಾರ್ದು ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನಾನೇ ಹೇಳಬೇಕಿತ್ತು, ಅದು ಹೇಳದಿದ್ದರೂ ಗೊತ್ತಿರುವ ವಿಷಯ ಎಂದುಕೊಂಡಿದ್ದೆ. ತಪ್ಪು ನನ್ನದೇ ಎಂದೆ. ಅವರು ಟ್ರೇ ಒರೆಸುತ್ತಲೇ ಇದ್ದರು. ಅತ್ತೆಯ ಕೈ ಬಗ್ಗೆ ಹೇಳಿದಾಗ ಕೈ ನಿಲ್ಲಿಸಿದರು.

"ದಿನಾ ಇಂಥ ಕೈಗೇ ಸೂಜಿ ಹಾಕ್ತೀನಿ," ಎಂದರು ಕೊನೆಗೆ. "ನಮ್ಮನೇದು ಕಣ್ಣಿಗೆ ಬೀಳ್ಲಿಲ್ಲ ನೋಡು."

ಮರುದಿನ ಅತ್ತೆಯನ್ನು ಕೈ ಹಿಡಿದು ಕರೆತಂದು ಬೆಂಚಿನಲ್ಲಿ ಮೊದಲನೆಯವರಾಗಿ ಕೂರಿಸಿದರು.

ಹೊಸ ಪಟ್ಟಿಗೆ ಡಾಕ್ಟರು ಹೊಸ ನಿಯಮ ಮಾಡಿದರು. ಒಬ್ಬ ರೋಗಿಯ ಮನೆಯಿಂದ ಎಡಕ್ಕೆ ಹೊರಟು, ಅದೇ ವಯಸ್ಸಿನ, ಅದೇ ಸೀಮೆಯಿಂದ ಬಂದ, ಸಂಬಂಧ ಇಲ್ಲದ ಮೊದಲ ವ್ಯಕ್ತಿ ಸಿಗುವ ತನಕ ಬಾಗಿಲು ತಟ್ಟಬೇಕು. ಸೀಮೆ ಯಾಕೆಂದರೆ ರಾಯಚೂರಿನ ಕಡೆಯವರಲ್ಲೂ ಹಲಸೂರಿನ ತಮಿಳರಲ್ಲೂ ಆ ಅಕ್ಷರದ ಪ್ರಮಾಣ ಬೇರೆ ಇರಬಹುದು. ಮಾರ್ಚಿನ ಗಡುವನ್ನು ಡಾಕ್ಟರು ಯಾರ್‍ಯಾರಿಗೋ ಪತ್ರ ಬರೆದು ಒಂದು ವರ್ಷ ಮುಂದೂಡಿಸಿದರು.

ನಾನೊಬ್ಬಳೇ ಹೊರಟಿದ್ದೆ. ಸಿಸ್ಟರ್ ಕೇಳಲಿಲ್ಲ, ತಾವೂ ಬಂದರು. ಬಾಗಿಲು ತೆರೆದ ತಕ್ಷಣ ಅವರ ಮೊದಲ ಪ್ರಶ್ನೆ ಆರೋಗ್ಯದ್ದಾಗಿರುತ್ತಿರಲಿಲ್ಲ. "ನಿಮ್ಮ ತಾಯಿ ಮನೆ ಯಾವೂರು? ಅಜ್ಜಿದು? ನಿಮ್ಮನ್ನ ಎಲ್ಲಿಂದ ತಂದ್ರು?" ಎಂದು ನಾಲ್ಕು ತಲೆಮಾರಿನ ತನಕ ವಿಚಾರಿಸುತ್ತಿದ್ದರು. ಕೆಲವರು ಹೆಣ್ಣು ನೋಡಲು ಬಂದಿದ್ದಾರೆಂದು ಕಾಫಿ ಕೊಟ್ಟರು. ಕೆ.ಆರ್. ಪುರದಲ್ಲಿ ಎಲ್ಲ ರೀತಿಯಲ್ಲೂ ಹೊಂದುತ್ತಿದ್ದ ಒಬ್ಬ ಹೆಂಗಸನ್ನು, ಸೂಜಿ ಕೈಗೆತ್ತಿಕೊಂಡ ಮೇಲೆ ಬೇಡ ಎಂದುಬಿಟ್ಟರು. "ನಡಿಯಮ್ಮಾ. ನಮ್ಮ ಚಿಕ್ಕಪ್ಪನ ಸೊಸೆ ಕಡೆಯವ್ರು." ರಕ್ತಸಂಬಂಧ ಅಲ್ಲವಲ್ಲ ಎಂದು ನಾನು ಎಷ್ಟು ಹೇಳಿದರೂ ಮೆಟ್ಟಿಲಿಳಿದು ಹೋದರು.

ಗರುಡಾಚಾರ್‌ಪಾಳ್ಯದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ ರಾಯಚೂರಿನ ಒಬ್ಬ ಹೆಂಗಸು ಸಿಕ್ಕರು. ಮಾತು ಕೇಳಿ ನನಗೆ ಊರಿಗೆ ಹೋದ ಹಾಗಾಯಿತು. ದಿನಕ್ಕೆ ಎಷ್ಟು ತಾಸು ಬಿಸಿಲಿನಾಗ ಇರ್ತೀರಿ ಎಂದು ಕೇಳಿದೆ.

"ನೆಳ್ಳಾಗ ಎಷ್ಟು ತಾಸು ಇರ್ತಿ ಅಂತ ಕೇಳವ್ವಾ. ಅದಾದ್ರ ಲೆಕ್ಕ ಸಿಗತೈತಿ."

ಎಂಟು ತಿಂಗಳ ಮೇಲೆ ಹೊಸ ಜೆಲ್‌ಗಳು ಮುಗಿದವು. ಒಂದು ಗೆರೆ, ಮೂರು, ಒಂದು, ಎರಡು, ಮೂರು. ಎಲ್ಲ ಕಲೆಸಿಕೊಂಡು, ರೋಗಿಗಳಲ್ಲಿ ಹೇಗೋ ಇವರಲ್ಲೂ ಹೆಚ್ಚು ಕಡಿಮೆ ಹಾಗೇ. ವಿಟಮಿನ್ ಡಿ ಎರಡೂ ಕಡೆ ಕಡಿಮೆ. ನಮ್ಮ ಪಟ್ಟಿ ಚಿಕ್ಕದು. ಈ ಅಕ್ಷರಕ್ಕೂ ಕಾಯಿಲೆಗೂ ನಂಟೇ ಇಲ್ಲ ಎಂದು ಹೇಳುವಷ್ಟೂ ದೊಡ್ಡದಲ್ಲ. ನಮ್ಮ ಜನರಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಷ್ಟೇ ಬರೆದೆವು. ಮರುವರ್ಷದ ಸಮ್ಮೇಳನದಲ್ಲಿ ಭಾಷಣ ಸಿಗಲಿಲ್ಲ. ಊಟದ ಕೋಣೆಗೆ ಹೋಗುವ ದಾರಿಯಲ್ಲಿ ಒಂದು ಪೋಸ್ಟರ್ ಅಂಟಿಸಲು ಜಾಗ ಕೊಟ್ಟರು. ಡಾಕ್ಟರು ಎರಡು ದಿನ ಅದರ ಪಕ್ಕ ನಿಂತು, ಸಾಂಬಾರು ಹುಡುಕಿಕೊಂಡು ಹೋಗುತ್ತಿದ್ದವರನ್ನು ತಡೆದು, ಹೋಲಿಕೆಯವರನ್ನು ಆರಿಸುವಾಗ ಏನೇನು ಕೇಳಬೇಕೆಂದು ಹೇಳುತ್ತಿದ್ದರು. ನಾಲ್ಕೈದು ಮಂದಿ ನಿಂತು ಬರೆದುಕೊಂಡರು.

ಅಲ್ಲಿಂದ ಬಂದ ವಾರ ಅತ್ತೆ ತಪಾಸಣೆಗೆ ಬಂದಿದ್ದರು. ವಾರಕ್ಕೊಂದು ದಿನ ನುಂಗುವ ಮಾತ್ರೆ ಶುರುವಾಗಿ ವರ್ಷದ ಮೇಲಾಗಿತ್ತು. ಹಿಡಿತ ಎಷ್ಟಿದೆ ಎಂದು ನೋಡಲು ನಾವು ಬಿ.ಪಿ. ಪಟ್ಟಿಯನ್ನು ಸುರುಳಿ ಸುತ್ತಿ, ಗಾಳಿ ತುಂಬಿ, ಹಿಸುಕಲು ಕೊಡುತ್ತಿದ್ದೆವು. ಅವತ್ತು ಆ ಪಟ್ಟಿಯನ್ನು ಯಾರೋ ವಾರ್ಡಿಗೆ ಒಯ್ದಿದ್ದರು. ನಾನು ಫಾರಂ ಹಿಡಿದು ಅತ್ತಿತ್ತ ನೋಡುತ್ತಿದ್ದೆ.

"ಕೈ ಕೊಡು ಇಲ್ಲಿ," ಎಂದರು ಅತ್ತೆ.

ಕೊಟ್ಟೆ. ಅವರು ನನ್ನ ನಾಲ್ಕು ಬೆರಳುಗಳನ್ನು ಮುಷ್ಟಿಯೊಳಗೆ ಹಿಡಿದು, ನನ್ನ ಮುಖವನ್ನೇ ನೋಡುತ್ತಾ, ನಿಧಾನವಾಗಿ ಹಿಸುಕಿದರು. ನನ್ನ ಗೆಣ್ಣುಗಳು ಲಟಕ್ಕೆಂದವು.

"ನೋವಾಯ್ತಾ?"

"ಆಯ್ತು."

"ಹಾಗಾದ್ರೆ ಬರ್ಕೋ," ಎಂದರು.